ತಲೆಕಟ್ಟಿಲ್ಲದ ಗೆರೆ

ದಯವಿಟ್ಟು ಇದನ್ನು ಪೂರ್ತಿ ಕೇಳಿ, ಅರ್ಧಕ್ಕೆ ಎದ್ದು ಹೋಗಬೇಡಿ. ಮೊದಲರ್ಧ ಮಾತ್ರ ಕೇಳಿದವರೆಲ್ಲ ಈರಕ್ಕನ ಕಡೆಯಾದರು, ಕೊನೆಯರ್ಧ ಮಾತ್ರ ಕೇಳಿದವರೆಲ್ಲ ತಾಯಕ್ಕನ ಕಡೆಯಾದರು. ಎರಡೂ ಅರ್ಧ ಕೇಳಿಸಿಕೊಳ್ಳುವ ಒಬ್ಬರು ನನಗೆ ಬೇಕಾಗಿದ್ದಾರೆ. ನಾನು ಮಾತಾಡುವುದು ಸ್ವಲ್ಪ ಬಿರುಸು, ಒಂದು ಹೇಳಲು ಹೋಗಿ ಇನ್ನೊಂದಕ್ಕೆ ಹಾರುತ್ತೇನೆ, ಆದರೆ ಎಲ್ಲಿ ಸುತ್ತಿದರೂ ಕೊನೆಗೆ ಅದೇ ಗೋಡೆಯ ಮುಂದೆ ಬಂದು ನಿಲ್ಲುತ್ತೇನೆ, ಹೆದರಬೇಡಿ.

ನಮ್ಮೂರಿನ ಪಡುವಣಕ್ಕೆ ಬಿಳಿಬಯಲು. ಅದರಾಚೆ ಉಪ್ಪು. ಉಪ್ಪು ತರಲು ಬಯಲು ದಾಟಬೇಕು, ಬಯಲು ಒಂದು ಸಲ ಇದ್ದಷ್ಟು ಅಗಲ ಇನ್ನೊಂದು ಸಲ ಇರುವುದಿಲ್ಲ. ಅದೇ ಮನುಷ್ಯ, ಅದೇ ಕಾಲು, ಅದೇ ನಡಿಗೆ; ಹೋದ ಸಲ ಸಂತೆಯಿಂದ ಸಂತೆಗೆ ಬಂದವನು ಈ ಸಲ ಹುಣಸೆ ಹೂ ಬಿಟ್ಟಾಗ ಹೋಗಿ ಕಾಯಿ ಬಲಿತಾಗ ಬರುತ್ತಾನೆ. ಯಾಕೆ ಹಾಗೆ ಎಂದು ನಮ್ಮಲ್ಲಿ ಯಾರೂ ಕೇಳುವುದಿಲ್ಲ. ಮೂಗು ಮುಖದ ಮಧ್ಯೆಯೇ ಯಾಕಿದೆ ಎಂದು ನೀವು ಕೇಳುತ್ತೀರಾ? ಹಾಗೆ. ನಾವು ಕೇಳುವುದು ಒಂದೇ, ಯಾವಾಗ ಬರ್ತಾನೆ, ಹೆಚ್ಚುಕಮ್ಮಿ ಎಷ್ಟು?

ಅದಕ್ಕೆ ಉತ್ತರ ಗೋಡೆಯ ಮೇಲಿರುತ್ತದೆ. ಅಳತೆಮನೆಯ ಹಿಂಬದಿಯ ಉದ್ದನೆಯ ಸುಣ್ಣದ ಗೋಡೆ. ಎಡದಿಂದ ಬಲಕ್ಕೆ ದಿನಗಳು ಸಾಗುತ್ತವೆ. ಒಬ್ಬರು ಬಯಲಿಗೆ ಇಳಿದರು ಎಂದರೆ ಗೋಡೆಯ ಮೇಲೆ ಅವರ ಹೆಸರು, ಹೆಸರಿನ ಮುಂದೆ ಬರಬಹುದಾದ ದಿನದ ಚುಕ್ಕಿ, ಚುಕ್ಕಿಯ ಎಡಕ್ಕೂ ಬಲಕ್ಕೂ ಒಂದು ಗೆರೆ. ಬೇಗ ಬಂದರೆ ಇಲ್ಲಿಂದ, ತಡವಾದರೆ ಅಲ್ಲಿಯವರೆಗೆ. ಆ ಗೆರೆಗೆ ನಾವು ಹೆಚ್ಚುಕಮ್ಮಿ ಎನ್ನುತ್ತೇವೆ. ಎರಡು ತುದಿಗೂ ಗೆರೆಗೆ ಅಡ್ಡಲಾಗಿ ಒಂದೊಂದು ಪುಟ್ಟ ಗೀಟು, ಅದು ತಲೆಕಟ್ಟು. ಗೋಡೆಯ ಮೇಲಿನ ತೊಲೆಯಿಂದ ಒಂದು ದಾರ ಕಲ್ಲು ಕಟ್ಟಿಕೊಂಡು ಇಳಿಬಿದ್ದಿರುತ್ತದೆ, ಅದು ಇವತ್ತು. ಬೆಳಗಾದರೆ ಅಳತೆಮನೆಯ ಜೋಗಾಚಾರಿ ಕೆಮ್ಮುತ್ತ ಬಂದು ಆ ದಾರವನ್ನು ಒಂದು ಬೆರಳು ಬಲಕ್ಕೆ ಸರಿಸುತ್ತಾರೆ. ಆಗ ಊರಿಗೆ ಬೆಳಗಾಯಿತು ಎಂದು ಲೆಕ್ಕ.

ಗೆರೆಯ ಉದ್ದ ನಮ್ಮ ಕೈಯಲ್ಲಿಲ್ಲ. ಜೋಗಾಚಾರಿ ಕೋಲು ಹಿಡಿದು ಸೀಮೆಸುಣ್ಣದಲ್ಲಿ ಗುರುತು ಹಾಕುತ್ತಾರೆ, ಇಲ್ಲಿಂದ ಇಲ್ಲಿಗೆ, ಮುಗಿಯಿತು. ಆದರೆ ಗೆರೆಯ ರೂಪ ಮನೆಯವರ ಇಷ್ಟ, ಅವರ ಇಷ್ಟವನ್ನು ಗೋಡೆಗೆ ತರುವುದು ನನ್ನ ಕೆಲಸ. ಆಹಾ, ಆ ಕೆಲಸದ ಬಗ್ಗೆ ಹೇಳಲು ಬಿಟ್ಟರೆ ನಾನು ಊಟ ಮರೆಯುತ್ತೇನೆ. ದಪ್ಪ ಬೇಕಾ, ತೆಳುವಾ? ಕೆಮ್ಮಣ್ಣಾ, ನೀಲಿಯಾ, ಮಸಿಯಾ? ನೇಕಾರರ ಮನೆಯವರು ಯಾವತ್ತೂ ಬಿಟ್ಟು ಬಿಟ್ಟು ಎಳೆದ ಗೆರೆಯನ್ನೇ ಕೇಳುತ್ತಾರೆ, ಹೊಲಿಗೆ ಹಾಕಿದ ಹಾಗೆ. ಅವಳಿ ಅಣ್ಣತಮ್ಮಂದಿರು ಒಂದೇ ದಿನ ಇಳಿದರೆ ಇಬ್ಬರ ಗೆರೆ ಒಂದರ ಮೇಲೊಂದು ಕೂತು ಒಬ್ಬ ಕಾಣದಂತಾಗುತ್ತಾನೆ, ಆಗ ಒಂದನ್ನು ಕೂದಲೆಳೆಯಷ್ಟು ಕೆಳಗಿಳಿಸಬೇಕು. ಹೊಸ ಹೆಂಡತಿಯರು ಗೆರೆಗೆ ಸುಣ್ಣದ ನೀರು ಬೆರೆಸಿ ತೆಳುಮಾಡು ಎನ್ನುತ್ತಾರೆ, ಗೆರೆ ಮಂಕಾದಷ್ಟೂ ಚುಕ್ಕಿಯೊಂದೇ ಎದ್ದು ಕಾಣುತ್ತದೆ, ಗಂಡ ಆ ದಿನವೇ ಬಂದುಬಿಡುವ ಹಾಗೆ. ಮುದುಕಿಯರು ಮಾತ್ರ ದಪ್ಪ ಗೆರೆ ಕೇಳುತ್ತಾರೆ, ಚುಕ್ಕಿ ಅದರೊಳಗೆ ಮುಳುಗಿಹೋದರೂ ಸರಿ. "ಚುಕ್ಕಿ ನಂಬಿ ಬದುಕಿದೋರು ಯಾರೇ? ಗೆರೆ ದಪ್ಪ ಎಳಿ," ಎನ್ನುತ್ತಾರೆ. ನನಗೆ ಕೆಲಸ ಕಲಿಸಿದ ಓಬಜ್ಜ ಹೇಳಿಕೊಟ್ಟ ಕಾನೂನು ಒಂದೇ ಸಾಲಿನದು: "ಬಣ್ಣ ನಿಂದು, ಉದ್ದ ಅಳತೆಮನೇದು." ಆ ಒಂದು ಸಾಲಿನ ಮೇಲೆ ಊರು ಎಷ್ಟೋ ತಲೆಮಾರು ನಡೆದಿತ್ತು.

ಇನ್ನು ಗೆರೆ ದಾಟಿ ಬಂದವರ ವಿಷಯ. ದಾರ ಬಲಗಡೆಯ ತಲೆಕಟ್ಟನ್ನು ದಾಟಿತೋ, ಆ ಹೆಸರನ್ನು ಗೋಡೆಯಿಂದ ಇಳಿಸುತ್ತಾರೆ. ಮುಂದೆ ಹುಟ್ಟುವ ಮಗುವಿಗೆ ಆ ಹೆಸರು. ಆಮೇಲೆ ಯಾರಾದರೂ ಬಯಲಿನಿಂದ ಬಂದರೆ ಅವರು ಬೇರೆ ಯಾರೋ. ಮೂಗು ಅದೇ, ಕುಂಟು ಅದೇ, ನಗು ಅದೇ ಇರಬಹುದು, ಆದರೆ ಬೇರೆ ಯಾರೋ. ಗಂಡಸಾದರೆ ಬಂದಪ್ಪ, ಹೆಂಗಸಾದರೆ ಬಂದವ್ವ, ಊರ ಅಂಚಿನ ಹೊಸಗೇರಿಯಲ್ಲಿ ಅವರಿಗೊಂದು ಗುಡಿಸಲು. ಯಾರೂ ಅವರನ್ನು ಕೀಳಾಗಿ ಕಾಣುವುದಿಲ್ಲ, ಹೊಸಬರಲ್ಲವೇ, ಮರ್ಯಾದೆಯಿಂದಲೇ ನಡೆಸಿಕೊಳ್ಳುತ್ತಾರೆ. ಬುಟ್ಟಿ ಹೆಣೆಯುವ ಬಂದಪ್ಪ ಒಬ್ಬನಿದ್ದಾನೆ, ದಾರ ದಾಟಿದ ಮರುದಿನ ಬೆಳಿಗ್ಗೆ ಬಂದವನು. ಮಳೆಗಾಲಕ್ಕೆ ಮುಂಚೆ ಒಂದು ಮನೆಯ ಹೆಂಚು ಸರಿಮಾಡಿ ಕೊಡುತ್ತಾನೆ. ಆ ಮನೆಯಾಕೆ ಜಗಲಿಯ ಮೇಲೆ ಎಲೆ ಹಾಕಿ ಬಡಿಸಿ, "ಉಪ್ಪು ಸಾಕಾ ಅಣ್ಣಾ?" ಎಂದು ಕೇಳುತ್ತಾಳೆ. "ಸಾಕು ತಾಯಿ," ಎನ್ನುತ್ತಾನೆ. ಒಂದು ಸಲ ಆ ಮನೆಯ ಹುಡುಗಿ ಕೇಳಿತಂತೆ, "ಅಮ್ಮಾ, ಯಾವ ಹೆಂಚು ಸೋರ್ತೈತೆ ಅಂತ ಆ ಮಾಮಂಗೆ ಹೆಂಗೆ ಗೊತ್ತು?" ಅವಳಮ್ಮ ಒಳಗೆ ಹೋಗಿ ಸಾರಿಗೆ ಒಗ್ಗರಣೆ ಹಾಕಿದಳಂತೆ, ಹಾಕಿದ ಒಗ್ಗರಣೆಯ ಮೇಲೆಯೇ ಇನ್ನೊಂದು.

ಈಗ ಬೋಳುಗೆರೆಯ ಕಥೆ. ಕೆಲವು ವರ್ಷಗಳ ಹಿಂದೆ ಬಯಲಿಗೆ ಇಳಿಯುವವರು ಹೆಚ್ಚಾದರು. ಗೋಡೆಯ ಮೇಲೆ ಜಾಗ ಸಾಲದೆ ಒಬ್ಬರ ಗೆರೆಯ ಕೆಳಗೇ ಇನ್ನೊಬ್ಬರ ಗೆರೆ ಬಂತು, ಮೇಲಿನವರ ತಲೆಕಟ್ಟು ಕೆಳಗಿನವರ ತಲೆಕಟ್ಟಿಗೆ ತಾಗಿ ಗೋಡೆಯೆಲ್ಲ ಏಣಿ ಚೆಲ್ಲಿದ ಹಾಗೆ ಕಾಣತೊಡಗಿತು. ಯಾರ ತುದಿ ಯಾರದು ಎಂದು ತಿಳಿಯದೆ ಜನ ಜಗಳವಾಡಿದರು. ಕರಿಯಣ್ಣ ಎಂಬ ಉಪ್ಪಿನಾಳು ಇಳಿಯುವ ದಿನ ತನ್ನ ಗೆರೆಯ ಮುಂದೆ ನಿಂತು, "ಈ ಕೊಂಬೆಲ್ಲ ಯಾಕಮ್ಮಿ? ಬೋಳಿಸು, ಚೊಕ್ಕಟವಾಗಿರ್ಲಿ," ಎಂದ. ಬೋಳಿಸಿದೆ. ನಿಜ ಹೇಳುತ್ತೇನೆ, ಎಷ್ಟು ಚೆನ್ನಾಗಿತ್ತು! ಬರೀ ಒಂದು ಚುಕ್ಕಿ, ಅದನ್ನು ಹಾದುಹೋಗುವ ಒಂದು ಉಸಿರಿನಂಥ ಗೆರೆ. ನೋಡಿದವರೆಲ್ಲ ನಮಗೂ ಹಾಗೇ ಬೇಕು ಎಂದರು. ಗೋಡೆ ಹಗುರಾಯಿತು. ಓಬಜ್ಜ ಆಗಿನ್ನೂ ಬದುಕಿದ್ದರು, ಹೊಗೆಸೊಪ್ಪು ಅಗಿಯುತ್ತ ಬಂದು ನೋಡಿ, "ಚೆನ್ನಾಗೈತೆ," ಎಂದರು. ಮರುದಿನ ಮತ್ತೆ ಬಂದು ನೋಡಿದರು. "ಚೆನ್ನಾಗೈತೆ. ಅದೇ ಭಯ," ಎಂದರು. ಏನು ಭಯ ಎಂದು ಕೇಳಿದ್ದಕ್ಕೆ, "ಗೊತ್ತಿಲ್ಲ ಕಣೇ, ಗೊತ್ತಿದ್ರೆ ಭಯ ಯಾಕೆ?" ಎಂದು ಹೋದರು. ಆ ಚಳಿಗಾಲ ಅವರು ತೀರಿಕೊಂಡರು.

ಕರಿಯಣ್ಣ ಬರಲಿಲ್ಲ. ದಾರ ಅವನ ಗೆರೆಯ ತುದಿ ದಾಟಿತು, ಹೆಸರು ಇಳಿಸಿದರು. ಅವನ ಹೆಂಡತಿ ತಾಯಕ್ಕ ಅತ್ತಳು, ಕಾಲ ಕಳೆದ ಮೇಲೆ ಕಮ್ಮಾರ ಸೋಮಲಿಂಗನ ಕೈ ಹಿಡಿದಳು, ಒಂದು ಗಂಡುಮಗು ಹುಟ್ಟಿತು. ಆ ಗೆರೆ ಬೋಳಾಗಿತ್ತು ಎಂಬುದನ್ನು ಆಗ ಯಾರೂ ಎತ್ತಲಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ಕಥೆಯ ಗಂಟು ಇಲ್ಲೇ ಇದೆ.

ಚೌಡಿ ನನ್ನ ಗೆಳತಿ. ಹಗ್ಗ ಹೊಸೆಯುವ ಈರಕ್ಕನ ಒಬ್ಬಳೇ ಮಗಳು. ನಾವಿಬ್ಬರೂ ಒಂದೇ ಹುಣಸೆಮರದಿಂದ ಬಿದ್ದು ಬೇರೆ ಬೇರೆ ಕೈ ಮುರಿದುಕೊಂಡವರು. ಅವಳು ಬಯಲಿಗೆ ಇಳಿಯುತ್ತೇನೆ ಎಂದಾಗ ಈರಕ್ಕ, "ಹೋಗು, ನಿನ್ ಬಾಯಿಗೆ ಉಪ್ಪೇ ಸಾಲದು, ಹೋಗಿ ಹೊತ್ಕೊಂಡ್ ಬಾ," ಎಂದು ಬೈದು, ಆ ರಾತ್ರಿಯೇ ಕೂತು ಮಗಳ ಸೊಂಟಕ್ಕೆ ಹೊಸ ಹಗ್ಗ ಹೊಸೆದಳು. ಬೆಳಿಗ್ಗೆ ಗೋಡೆಯ ಹತ್ತಿರ ಮಗಳ ತಲೆಗೆ ಬಿಳಿ ಬಟ್ಟೆ ಬಿಗಿದು ಕಟ್ಟಿದಳು, ಬಿಸಿಲಿಗೆ. ಚೌಡಿಗೆ ತಲೆಗೆ ಏನು ಕಟ್ಟಿದರೂ ಆಗದು. ನಾನು ನೀಲಿಯಲ್ಲಿ ಅವಳ ಗೆರೆ ಎಳೆದು ಬಲತುದಿಗೆ ಬಂದಿದ್ದೆ.

"ತಲೆಕಟ್ಟು ಹಾಕ್ಲೇನೇ?"

"ಅವ್ವ ಕಟ್ಟಿದ್ದು ಸಾಲ್ದಾ, ನೀನೊಬ್ಳು ಬೇರೆ ಕಟ್ಬೇಕಾ?"

"ತಮಾಷೆ ಬೇಡ ಕಣೇ, ಬಣ್ಣ ಒಣಗ್ತೈತೆ. ಹಾಕ್ಲೋ ಬೇಡ್ವೋ?"

ಅವಳು ಆಗಲೇ ಬಯಲಿನ ಕಡೆ ತಿರುಗಿದ್ದಳು. "ಬಿಟ್ಟಿರು," ಎಂದಳು.

ಕುಂಚದಲ್ಲಿದ್ದ ಬಣ್ಣ ತೀರುವವರೆಗೆ ಎಳೆದು ಬಿಟ್ಟೆ. ಬಾಲ ಸೀಳಿಕೊಂಡು ಸುಣ್ಣದೊಳಗೆ ಕರಗಿತು. ಆ ತುದಿ ನನಗೆ ತುಂಬ ಇಷ್ಟವಾಯಿತು.

ದಿನಗಳು ಸರಿದವು. ದಾರ ಚೌಡಿಯ ಚುಕ್ಕಿಯನ್ನು ದಾಟಿತು, ಯಾರೂ ಕಣ್ಣರಳಿಸಲಿಲ್ಲ, ಚುಕ್ಕಿ ದಾಟುವುದು ದಿನವಹಿ ಮಾತು. ಗೆರೆಯ ಅರ್ಧ ದಾಟಿತು. ಈರಕ್ಕ ಹಗ್ಗ ಹೊಸೆಯುವ ಜಾಗವನ್ನು ಮನೆಯಿಂದ ಗೋಡೆಯ ಎದುರಿಗೆ ಬದಲಾಯಿಸಿದಳು. ಇನ್ನೊಂದು ಹೇಳಬೇಕು, ಗೋಡೆಯ ದಾರವನ್ನು ಹೊಸೆದುಕೊಟ್ಟವಳೂ ಈರಕ್ಕನೇ. ಪ್ರತಿ ವರ್ಷ ಅವಳೇ. ತಾನೇ ಹೊಸೆದ ದಾರ ಮಗಳ ಗೆರೆಯನ್ನು ಬೆರಳು ಬೆರಳಾಗಿ ತಿನ್ನುವುದನ್ನು ಅವಳು ನೋಡುತ್ತ ಕೂತಳು.

ಒಂದು ಬೆಳಿಗ್ಗೆ ಜೋಗಾಚಾರಿ ದಾರ ಸರಿಸಿ, ಕೋಲಿನಿಂದ ಅಳೆದು, ಕೆಮ್ಮಿ, "ಮುಗೀತು ಕಣಮ್ಮ," ಎಂದರು.

ಈರಕ್ಕ ಎದ್ದು ಬಂದು ಗೋಡೆಗೆ ಮೂಗು ತಾಗಿಸಿ ನೋಡಿದಳು. "ಆಚಾರೇ, ದಾರದ ಬಲಕ್ಕೆ ಇನ್ನೂ ನೀಲಿ ಐತೆ."

"ಅದು ನೆರಳು."

"ನೆರಳಿಗೆ ನೀಲಿ ಬಳಿದೋರು ಯಾರು?"

ಜನ ಸೇರಿದರು. ಒಬ್ಬೊಬ್ಬರೂ ಬಗ್ಗಿ ನೋಡಿದರು. ಐತೆ ಎಂದರು ಕೆಲವರು. ಇಲ್ಲ, ಅದು ಗೋಡೆಯ ಬಿರುಕು ಎಂದರು ಇನ್ನು ಕೆಲವರು. ನಿಜಕ್ಕೂ ಅಲ್ಲಿ ಏನಿತ್ತು ಎಂದು ನನಗೂ ಹೇಳಲು ಬರುವುದಿಲ್ಲ, ಕುಂಚದ ಕೊನೆಯ ಒಂದೆರಡು ಕೂದಲು ಎಲ್ಲಿ ಗೋಡೆ ಬಿಟ್ಟಿತು ಎಂದು ಯಾರು ಬಲ್ಲರು?

"ನೀಲಿ ಇದ್ರೂ ಸರಿ, ಇಲ್ದಿದ್ರೂ ಸರಿ," ಜೋಗಾಚಾರಿ ಕೋಲು ತೋರಿಸಿದರು. "ಉದ್ದ ಇಷ್ಟೇ. ನಂಗೇನು ಸಂತೋಷವೇನಮ್ಮ?"

"ಉದ್ದ ಮುಗಿದಿದ್ರೆ ತಲೆಕಟ್ಟು ಎಲ್ಲಿ?" ಎಂದಳು ಈರಕ್ಕ. ಅವಳು ಓದಿದವಳಲ್ಲ, ಅಕ್ಷರ ಕಲಿಸಿದವಳು ಚೌಡಿ, ಮರಳಿನ ಮೇಲೆ. ಬಗ್ಗಿ ನೆಲದ ಮಣ್ಣಿನಲ್ಲಿ ಬೆರಳಿನಿಂದ ಕ ಬರೆದಳು. "ನೋಡ್ರಿ, ತಲೆಕಟ್ಟು ಐತೆ, ಇದು ಕ. ಆಯ್ತು, ಇನ್ನು ಬೇರೆ ಏನೂ ಆಗಲ್ಲ ಇದು." ತಲೆಕಟ್ಟನ್ನು ಅಳಿಸಿದಳು. "ಈಗ? ಗುಡಿಸು ಬಂದ್ರೆ ಕಿ, ಏತ್ವ ಬಂದ್ರೆ ಕೆ. ತಲೆಕಟ್ಟಿಲ್ಲದ್ದು ಸತ್ತಿಲ್ಲ ಆಚಾರೇ. ಏನು ಬರ್ತದೋ ಅಂತ ಕಾಯ್ತಾ ಕೂತೈತೆ. ನನ್ ಮಗಳ ಗೆರೇನೂ ಹಂಗೇ."

ಜೋಗಾಚಾರಿಯೂ ಆ ಬೋಳು ಅಕ್ಷರವನ್ನೇ ನೋಡುತ್ತ ನಿಂತರು. ಆಗ ಹಿಂದಿನಿಂದ ಯಾರೋ, ಕೆಟ್ಟ ಮನಸ್ಸಿನಿಂದೇನಲ್ಲ, ಸುಮ್ಮನೆ ಹೊಳೆದದ್ದನ್ನು ಹೇಳಿದರು: "ಹಂಗಾದ್ರೆ ಕರಿಯಣ್ಣಂದೂ ಬೋಳುಗೆರೇನೇ ಅಲ್ವಾ?"

ಎಲ್ಲರ ತಲೆಯೂ ಒಟ್ಟಿಗೇ ತಿರುಗಿತು. ತಾಯಕ್ಕ ಮಗುವನ್ನು ಸೊಂಟದ ಮೇಲಿಟ್ಟುಕೊಂಡು ಗುಂಪಿನ ಅಂಚಿನಲ್ಲಿ ನಿಂತಿದ್ದಳು. ಮಗು ಅವಳ ಕಿವಿಯ ಓಲೆ ಎಳೆಯುತ್ತಿತ್ತು.

ಜೋಗಾಚಾರಿ ಬಹಳ ಹೊತ್ತು ಕೆಮ್ಮಿದರು. "ಉದ್ದ ನಂದು. ಬಣ್ಣ ಮುದ್ದೀದು," ಎಂದು ನನ್ನ ಕಡೆ ತಿರುಗಿದರು. "ತಲೆಕಟ್ಟು ಯಾರ್ದು ಅಂತ ಹಿಂದಿನೋರು ಹೇಳಿಲ್ಲ. ಅದು ಬರೀ ಸಿಂಗಾರ ಆದ್ರೆ, ಇದ್ರೂ ಒಂದೇ ಇಲ್ದಿದ್ರೂ ಒಂದೇ, ಗೆರೆ ಮುಗಿದಿದೆ. ಸಿಂಗಾರ ಅಲ್ಲ, ಅದೇ ಮುಕ್ತಾಯ ಅನ್ನೋದಾದ್ರೆ, ಊರಲ್ಲಿರೋ ಒಂದು ಬೋಳುಗೆರೇನೂ ಮುಗಿದಿಲ್ಲ. ಎಳೆದೋಳು ನೀನು. ಸಂತೆ ದಿನ ಇಲ್ಲೇ ನಿಂತು ಹೇಳು. ಅಲ್ಲೀತನಕ ದಾರ ಕದಲಿಸಲ್ಲ."

ದಾರ ನಿಂತ ದಿನಗಳು ವಿಚಿತ್ರವಾಗಿದ್ದವು. ಸೂರ್ಯ ಹುಟ್ಟುತ್ತಿದ್ದ, ಮುಳುಗುತ್ತಿದ್ದ, ಊರಿಗೆ ಮಾತ್ರ ಬೆಳಗಾಗಿರಲಿಲ್ಲ. ಯಾರಾದರೂ ಏನಾದರೂ ಕೇಳಿದರೆ "ನಾಳೆ" ಎನ್ನಲು ನಾಚುತ್ತಿದ್ದರು. ನಾನು ಬಯಲಿನ ಅಂಚಿನಲ್ಲಿ ಕೂತು ಕಣ್ಣು ಉರಿಯುವವರೆಗೆ ನೋಡಿದೆ. ಈಗ ಬಾರೇ, ಈಗ ಬಂದರೆ ಯಾರೂ ಏನೂ ಹೇಳಬೇಕಿಲ್ಲ, ಈಗ ಬಾ. ಬಯಲು ಬೆಳ್ಳಗೆ ಇತ್ತು, ಅಷ್ಟೇ.

ತಾಯಕ್ಕ ಮಧ್ಯಾಹ್ನ ನಮ್ಮ ಮನೆಗೆ ಬಂದಳು. "ನಾನೇನೂ ಕೇಳಕ್ ಬಂದಿಲ್ಲ, ನೀರು ಕೊಡು," ಎಂದಳು. ನೀರು ಕುಡಿಯುವಾಗ ಮಗುವನ್ನು ನನ್ನ ತೊಡೆಯ ಮೇಲೆ ಕೂರಿಸಿದಳು. ಅದು ನನ್ನ ಕುಂಚ ಕಸಿದುಕೊಂಡು ಬಾಯಿಗಿಟ್ಟುಕೊಂಡಿತು, ಮೂತಿಯೆಲ್ಲ ನೀಲಿ.

"ಕರಿಯಣ್ಣ ಬಂದ್ರೆ ನಂಗೆ ಸಂತೋಷನೇ ಮುದ್ದಿ. ಅದೇ ಕಷ್ಟ," ಎಂದಳು. "ಅವನ ಗೆರೆ ಮುಗಿದಿಲ್ಲ ಅಂದ್ರೆ ನಾನು ಇನ್ನೂ ಅವನ ಹೆಂಡ್ತಿ. ಸೋಮಲಿಂಗನ ಮದುವೆ ಆಗೇ ಇಲ್ಲ. ಈ ಕೂಸನ್ನ ಅವನ ಮನೇಲಿ ಬಿಟ್ಟು ನಾನು ಹಳೇ ಮನೇಲಿ ಹೋಗಿ ಕಾಯ್ತಾ ಕೂರ್ಬೇಕು. ಕೂರ್ತೀನಿ ಬಿಡು, ನಂಗೆ ಕಾಯೋದು ಹೊಸದಲ್ಲ." ಸೆರಗಿನಿಂದ ಮಗುವಿನ ಮೂತಿ ಒರೆಸಿದಳು. "ಇದಕ್ಕೆ ಇನ್ನೂ ಹಾಲು ಬಿಡಿಸಿಲ್ಲ."

ಅಷ್ಟೇ ಹೇಳಿ ಹೋದಳು. ಸಂಜೆ ಹೊಸಗೇರಿಗೆ ಹೋದೆ. ಬುಟ್ಟಿಯ ಬಂದಪ್ಪ ಹೊಂಗೆ ನೆರಳಲ್ಲಿ ಬಿದಿರು ಸೀಳುತ್ತಿದ್ದ. ಅವನಿಗೆ ಎಲ್ಲ ಗೊತ್ತಿತ್ತು, ಹೊಸಬರಿಗೆ ಊರ ಸುದ್ದಿ ಬೇಗ ಮುಟ್ಟುತ್ತದೆ. ನಾನೇ ಕೇಳಿದೆ, "ಅಣ್ಣಾ, ನೀವು ಬಂದ ದಿನ ಗೋಡೆ ಮೇಲೆ ಒಂದು ಗೆರೆ ಇತ್ತಲ್ಲ, ಅದಕ್ಕೆ ತಲೆಕಟ್ಟು ಇಲ್ದೇ ಇದ್ದಿದ್ರೆ?"

ಬಿದಿರಿನಿಂದ ಕಣ್ಣೆತ್ತದೆ ಹೇಳಿದ. "ಯಾರದ್ದೋ ಗೆರೆ ಅದು, ನಂಗೇನಮ್ಮ." ಒಂದು ಸೀಳು ತೆಗೆದ. "ಆದ್ರೆ ತಲೆಕಟ್ಟು ಇತ್ತು. ದೂರದಿಂದಾನೇ ಕಾಣ್ತು. ಹಂಗಾಗಿ ಆ ಬೀದಿಗೆ ಹೋಗ್ದೆ ಈ ಬೀದಿಗೆ ಬಂದೆ. ಇಲ್ದೇ ಇದ್ದಿದ್ರೆ ಓಡ್ಕೊಂಡು ಹೋಗಿ ಹೊಸ್ತಿಲ ಮೇಲೆ ನಿಂತಿರ್ತಿದ್ದೆ. ಅವರು 'ಯಾರಪ್ಪ ನೀನು' ಅಂತ ಅಲ್ಲಿ ಕೇಳ್ಬೇಕಿತ್ತು." ಸೀಳನ್ನು ಬಗ್ಗಿಸಿ ನೋಡಿದ. "ಹೊಸ್ತಿಲಲ್ಲಿ ಕೇಳಿಸ್ಕೊಳೋದಕ್ಕಿಂತ ಗೋಡೆ ಹತ್ರ ಓದ್ಕೊಳೋದು ವಾಸಿ."

ಸಂತೆಯ ದಿನ ಬಂತು. ಚೌಡಿ ಬರಲಿಲ್ಲ. ಗೋಡೆಯ ಮುಂದೆ ಊರೆಲ್ಲ ನಿಂತಿತ್ತು, ಬೋಳುಗೆರೆ ಎಳೆಸಿಕೊಂಡ ಮನೆಗಳವರೆಲ್ಲ ಮುಂದಿನ ಸಾಲಿನಲ್ಲಿ. ಒಂದು ಕಡೆ ಈರಕ್ಕ, ಇನ್ನೊಂದು ಕಡೆ ತಾಯಕ್ಕ, ಅವಳ ಪಕ್ಕ ಮಸಿ ಕೈಯ ಸೋಮಲಿಂಗ, ಮಗು ಅವನ ಹೆಗಲ ಮೇಲೆ.

"ಆ ಹುಡುಗಿ ನಿಂಗೆ ಏನಂದ್ಳು? ಅದನ್ನ ಹೇಳು," ಎಂದರು ಜೋಗಾಚಾರಿ.

"ಬಿಟ್ಟಿರು ಅಂದ್ಳು," ಎಂದೆ.

ಗುಂಪಿನಲ್ಲಿ ಗುಸುಗುಸು ಎದ್ದಿತು. ನೋಡಿದ್ರಾ, ತೆರೆದು ಬಿಟ್ಟಿರು ಅಂದಿದ್ದಾಳೆ, ಅಂದರೆ ಮುಗಿಸಬೇಡ ಅಂತ. ಅಲ್ಲಲ್ಲ, ಅದೊಂದು ಕೊಂಬು ಬೇಡ, ಬಿಟ್ಟುಬಿಡು ಅಂತ, ಬರೀ ಅಲಂಕಾರದ ಮಾತು. ಈರಕ್ಕ ಮೆಲ್ಲಗೆ, ನನಗೂ ಜೋಗಾಚಾರಿಗೂ ಕೇಳುವಷ್ಟೇ, "ನನ್ನ ಬಿಟ್ಟಿರು ಅಂದ್ಳೇನೋ ನನ್ ಮಗಳು," ಎಂದಳು. ಆ ಅರ್ಥ ಅಷ್ಟು ದಿನ ನನಗೆ ಹೊಳೆದಿರಲಿಲ್ಲ.

"ಒಂದು ಮಾತಿಗೆ ಮೂರು ಅರ್ಥ," ಎಂದರು ಜೋಗಾಚಾರಿ. "ಕುಂಚಕ್ಕೆ ಒಂದೇ. ತಲೆಕಟ್ಟು ಸಿಂಗಾರವೋ ಅಲ್ವೋ, ಬಾಯಲ್ಲಿ ಹೇಳ್ಬೇಡ. ಸಿಂಗಾರ ಆದ್ರೆ ಇಲ್ಲಿ ಹಾಕಿ ಮುಗಿಸು, ಎಲ್ಲ ಬೋಳುಗೆರೆಗೂ ಹಾಕು, ಯಾರ ಮನೇಲೂ ಇನ್ನು ಈ ಅನುಮಾನ ಬೇಡ. ಅಲ್ಲ ಅಂತಾದ್ರೆ ಕುಂಚ ಕೆಳಗಿಡು."

ನೀಲಿ ಕಲಸಿದೆ. ಕಲಸುತ್ತಲೇ ಇದ್ದೆ. ಹೆಬ್ಬೆರಳಿನ ಉಗುರಿನಷ್ಟುದ್ದದ ಒಂದು ಗೀಟು. ದಿನಕ್ಕೆ ಎಷ್ಟೋ ಎಳೆಯುತ್ತಿದ್ದೆ, ಮಾತಾಡುತ್ತ, ಬೆಲ್ಲ ತಿನ್ನುತ್ತ. ಬಲಗಡೆ ನೋಡಿದರೆ ಈರಕ್ಕ. ಎಡಗಡೆ ನೋಡಿದರೆ ಆ ಮಗು, ಮೂತಿಯ ಮೂಲೆಯಲ್ಲಿ ಇನ್ನೂ ಸ್ವಲ್ಪ ನೀಲಿ ಉಳಿದಿತ್ತು, ಯಾರೂ ಸರಿಯಾಗಿ ತೊಳೆದಿರಲಿಲ್ಲ. ಬಾರದವಳೊಬ್ಬಳು, ಇಲ್ಲಿ ನಿಂತಿರುವವರು ಮೂವರು, ಎಂದುಕೊಂಡೆ. ಇದು ಲೆಕ್ಕವೇ ಅಲ್ಲ ಎಂದೂ ಅದೇ ಉಸಿರಿನಲ್ಲಿ ಅನ್ನಿಸಿತು.

ಕುಂಚ ಎತ್ತಿ ಚೌಡಿಯ ಗೆರೆಯ ತುದಿಗೆ ಇಟ್ಟೆ.

"ತಡಿ," ಎಂದಳು ಈರಕ್ಕ. ಅವಳು ಹತ್ತಿರ ಬಂದು ಬಣ್ಣದ ಕುಡಿಕೆಯನ್ನು ತಾನೇ ಕೈಗೆತ್ತಿಕೊಂಡು ನನ್ನ ಮುಂದೆ ಹಿಡಿದಳು. ಮುಖ ನೋಡಲಿಲ್ಲ. "ಹಾಕೋದೇ ಆದ್ರೆ ಇಷ್ಟ್ ತೆಳ್ಳಗೆ ಹಾಕ್ಬೇಡ. ದಪ್ಪ ಹಾಕು. ಉದ್ದಕ್ಕೆ ಹಾಕು. ಬಯಲಿಂದಾನೇ ಕಾಣ್ಬೇಕು. ನನ್ ಬಾಗಿಲಿಗೆ ಬಂದು, ನನ್ ಬಾಯಲ್ಲಿ, ಯಾರಮ್ಮ ನೀನು ಅಂತ..."

ಹಾಕಿದೆ. ಮೊಳದುದ್ದದ ತಲೆಕಟ್ಟು. ಅಷ್ಟು ಕುರೂಪಿಯಾದ ಗೆರೆಯನ್ನು ನಾನು ಯಾವತ್ತೂ ಎಳೆದಿಲ್ಲ. ಕುಡಿಕೆ ಹಿಡಿದ ಕೈ ಒಂದು ಚೂರೂ ಅಲುಗಲಿಲ್ಲ, ಅಲುಗಿದ್ದು ನನ್ನದು. ಆಮೇಲೆ ಹಳೆ ಸುಣ್ಣದಡಿ ಮಂಕಾಗಿ ಕಾಣುತ್ತಿದ್ದ ಕರಿಯಣ್ಣನದು, ಆಮೇಲೆ ಉಳಿದವರದು. ಜೋಗಾಚಾರಿ ದಾರ ಸರಿಸಿದರು. ಊರಿಗೆ ಬೆಳಗಾಯಿತು. ತಾಯಕ್ಕ ಮಗುವನ್ನು ಎತ್ತಿಕೊಂಡು ಹೋದಳು, ಅವತ್ತಿನಿಂದ ಇವತ್ತಿನವರೆಗೆ ನನ್ನ ಕಣ್ಣಿಗೆ ಕಣ್ಣು ಕೊಟ್ಟು ಮಾತಾಡಿಲ್ಲ. ಅದು ಕೋಪವಲ್ಲ, ನನಗೆ ಗೊತ್ತು. ಅದೇ ವಾರ ಕುಂಬಾರರ ಮನೆಯಲ್ಲಿ ಹೆಣ್ಣು ಹುಟ್ಟಿತು, ಚೌಡಿ ಎಂದು ಹೆಸರಿಟ್ಟರು.

ಹುಣಸೆ ಕಾಯಿ ಕಂದು ತಿರುಗುವಾಗ ಬಯಲಿನಿಂದ ಒಬ್ಬಳು ಬಂದಳು. ಬೆನ್ನ ಮೇಲೆ ಉಪ್ಪಿನ ಮೂಟೆ, ಸೊಂಟದಲ್ಲಿ ಸವೆದ ಹಗ್ಗ, ತಲೆಗೆ ಏನೂ ಕಟ್ಟಿರಲಿಲ್ಲ. ನಾನು ಏಣಿಯ ಮೇಲಿದ್ದೆ. ಅವಳು ಬಯಲಿನ ಅಂಚಿನಲ್ಲಿ ನಿಂತು ಗೋಡೆಯ ಕಡೆ ಒಂದು ಸಲ ನೋಡಿದಳು, ಅಷ್ಟೇ. ಈರಕ್ಕನ ಬೀದಿಗೆ ತಿರುಗಬೇಕಾದ ಕಾಲು ಹೊಸಗೇರಿಗೆ ತಿರುಗಿತು. ಯಾರೂ ಅವಳಿಗೆ ಏನೂ ಹೇಳಬೇಕಾಗಲಿಲ್ಲ. ಈರಕ್ಕ ಅಂದುಕೊಂಡ ಹಾಗೇ ಆಯಿತು.

ಕೆಲವು ದಿನ ಬಿಟ್ಟು ನಮ್ಮ ಬಾಗಿಲಿಗೆ ಬಂದಳು. "ಬಣ್ಣದ ಕೆಲ್ಸ ಏನಾರ ಐತೇನ್ರಮ್ಮ?" ಅಂದಳು. 'ರಮ್ಮ' ಎಂಬ ಆ ಎರಡಕ್ಷರ ನನ್ನ ಕಿವಿಯಲ್ಲಿ ಇನ್ನೂ ಇದೆ. ಪದ್ಧತಿಯಂತೆ ಕೇಳಿದೆ, "ಯಾವ ಕಡೆಯಿಂದ ಬಂದ್ರಿ ತಾಯಿ?" "ದೂರ," ಎಂದಳು. ಒಳಗೆ ಬಂದು ಬಾಗಿಲ ಹಿಂದಿದ್ದ ನೀಲಿ ಕುಡಿಕೆಯನ್ನು ಕೇಳದೆಯೇ ಕೈಗೆತ್ತಿಕೊಂಡಳು, ಆಮೇಲೆ ತಪ್ಪು ಮಾಡಿದವಳಂತೆ ಕೆಳಗಿಟ್ಟು, "ನೀಲಿ ಎಲ್ಲಿಟ್ಟಿದ್ದೀರಮ್ಮ?" ಎಂದು ಕೇಳಿದಳು. ಈಗ ನನ್ನ ಜೊತೆಗೇ ಕೆಲಸ. ಮಧ್ಯಾಹ್ನ ಈರಕ್ಕ ಜಗಲಿಯ ಮೇಲೆ ಎಲೆ ಹಾಕುತ್ತಾಳೆ. "ಉಪ್ಪು ಸಾಕಾ ತಾಯಿ?" "ಸಾಕ್ರಮ್ಮ." ಒಂದು ದಿನ ಬೀದಿಯಲ್ಲಿ ಕುಂಬಾರರ ಹೆಂಗಸು, "ಚೌಡೀ, ಮಣ್ಣು ತಿನ್ಬೇಡ್ವೇ!" ಎಂದು ಕೂಗಿದಳು. ಇವಳ ಕತ್ತು ತಟ್ಟನೆ ತಿರುಗಿತು. ಅರ್ಧ ತಿರುಗಿದ ಕತ್ತನ್ನು ಅಲ್ಲಿಂದಲೇ ಹೆಗಲಿಗೆ ಒರೆಸಿಕೊಂಡಳು, ಬೆವರಿದೆ ಎಂಬಂತೆ.

ಮಳೆಗಾಲಕ್ಕೆ ಮುಂಚೆ ಮುಗಿದ ಗೆರೆಗಳ ಮೇಲೆ ಸುಣ್ಣ ಬಳಿಯುತ್ತೇವೆ, ಹೊಸಬರಿಗೆ ಜಾಗ ಬೇಕಲ್ಲ. ನಿನ್ನೆ ಇಬ್ಬರೂ ಬಳಿಯುತ್ತ ಬಳಿಯುತ್ತ ಆ ನೀಲಿ ಗೆರೆಯ ಹತ್ತಿರ ಬಂದೆವು. ಅವಳು ಸುಣ್ಣದ ಕುಂಚ ಹಿಡಿದು ನಿಂತಳು.

"ಇದು ಯಾರ್ದಮ್ಮ?"

"ಒಬ್ಳು ಗೆಳತೀದು."

"ತಲೆಕಟ್ಟು ಯಾಕೆ ಇಷ್ಟು ದಪ್ಪ?"

"ದೂರ್ದಿಂದ ಕಾಣ್ಲಿ ಅಂತ."

"ಕಾಣ್ತು," ಎಂದಳು. ತಕ್ಷಣ ತಿದ್ದಿಕೊಂಡಳು. "ಕಾಣ್ತೈತೆ."

ಬೆರಳಿನಿಂದ ಆ ಗೀಟನ್ನು ಮೇಲಿನಿಂದ ಕೆಳಗಿನವರೆಗೆ ಸವರಿದಳು, ನನ್ನ ಕೈ ನಡುಗಿದ ಜಾಗದಲ್ಲಿ ಬೆರಳು ನಿಂತಿತು. "ನೀವೇ ಹಾಕಿದ್ರಾ?" ಎಂದಳು. ಹೂಂ ಎಂದೆ. ತಾಯಕ್ಕನ ಮಗ ಅಷ್ಟು ದೂರದಲ್ಲಿ ಸುಣ್ಣದ ಡಬ್ಬಿಗೆ ಕಲ್ಲು ಎಸೆಯುತ್ತ ತಡವರಿಸುವ ಹೆಜ್ಜೆಯಲ್ಲಿ ಓಡಾಡುತ್ತಿದ್ದ. ಅವಳು ಅವನನ್ನು ನೋಡಿದಳು, ಗೋಡೆಯನ್ನು ನೋಡಿದಳು. "ನಾನಾಗಿದ್ರೆ," ಎಂದಳು.

ಆ ಮಾತಿಗೆ ತಲೆಕಟ್ಟು ಹಾಕದೆ ಹಾಗೇ ಬಿಟ್ಟು, ಕುಂಚ ಅದ್ದಿ, ಗೆರೆಯ ಮೇಲೆ ಸುಣ್ಣ ಬಳಿಯತೊಡಗಿದಳು. ನಾನು ರಾತ್ರಿಯಿಡೀ ಆ ಮಾತನ್ನು ಹೇಗೆ ಹೇಗೋ ಮುಗಿಸಿ ನೋಡಿದೆ, ಒಂದು ತುದಿಯೂ ನಿಲ್ಲಲಿಲ್ಲ. ಅದಕ್ಕೇ ನಿಮ್ಮನ್ನು ಕೂರಿಸಿಕೊಂಡು ಇಷ್ಟು ಹೇಳಿದ್ದು. ಆ ಬೆಳಿಗ್ಗೆ ಕುಡಿಕೆ ಈರಕ್ಕನ ಕೈಯಲ್ಲಿದ್ದು, ಕುಂಚ ನಿಮ್ಮ ಕೈಯಲ್ಲಿದ್ದಿದ್ದರೆ, ನೀವು ಏನು ಮಾಡುತ್ತಿದ್ದಿರಿ?